ನೌರು ದ್ವೀಪದವರು ಐಶ್ವರ್ಯ ಹಾಳು ಮಾಡಿಕೊಂಡರೋ, ಅವರನ್ನು ದೋಚಲಾಯಿತೋ?

ಕಡಲಕರೆ (ಚರ್ಚೆ ಆರಂಭಿಸಿದವರು):
ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ನೈಸರ್ಗಿಕ ಸಂಪತ್ತಿನ ಪಾಠಕ್ಕೆ ಪೆಸಿಫಿಕ್ ಸಾಗರದ ನೌರು ದೇಶವನ್ನು ಉದಾಹರಣೆಯಾಗಿ ಎತ್ತಿಕೊಳ್ಳೋಣ ಎಂದುಕೊಂಡರೆ, ಕನ್ನಡದಲ್ಲಿ ನನಗೆ ಸಿಕ್ಕಿದ್ದೆಲ್ಲ ಒಂದೇ ರಾಗದ ವಿಡಿಯೊಗಳು. ದ್ವೀಪದವರಿಗೆ ಫಾಸ್ಫೇಟ್ (ಹಕ್ಕಿಯ ಹಿಕ್ಕೆಯಿಂದ ಆದದ್ದೆನ್ನುವ, ಗೊಬ್ಬರಕ್ಕೆ ಬಳಸುವ ಖನಿಜ) ಸಿಕ್ಕಿತು, ದುಡಿಯುವುದನ್ನು ಬಿಟ್ಟರು, ಕಾರು ಕೊಂಡರು, ದಪ್ಪಗಾದರು, ದಿವಾಳಿಯಾದರು. ಹಿನ್ನೆಲೆಯಲ್ಲಿ ನಗೆಯ ಸದ್ದು ಬೇರೆ.

ನನಗೆ ತಿಳಿದಿರುವುದು ಇಷ್ಟು: 21 ಚದರ ಕಿ.ಮೀ. ನೆಲ, ಸುಮಾರು 12,000 ಜನ, 1968ರ ಜನವರಿ 31ರಂದು ಸ್ವಾತಂತ್ರ್ಯ. ಎಪ್ಪತ್ತರ ದಶಕದಲ್ಲಿ ತಲಾ ಆದಾಯದಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದ ದೇಶ. 2004ರ ಹೊತ್ತಿಗೆ ಮೆಲ್ಬರ್ನ್‌ನಲ್ಲಿದ್ದ ತನ್ನ 52 ಮಹಡಿಯ ಕಟ್ಟಡವನ್ನೂ ಕಳೆದುಕೊಂಡಿತು. ನಡುವೆ ಆದದ್ದೇನು? ಇಷ್ಟು ಜನರ ದೇಶದಲ್ಲಿ ಸರ್ಕಾರ ನಡೆಯುವುದು ಹೇಗೆ? ಈಗ ಅವರ ಜೀವನಾಧಾರವೇನು? ಬಲ್ಲವರು ತಿಳಿಸಿ.

ಘಟ್ಟದ ಹುಡುಗ:
ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ರಾಜಧಾನಿ ಯಾರೆನ್ ಎಂದು ಉರು ಹೊಡೆದಿದ್ದೇನೆ. ಅದಕ್ಕಿಂತ ಹೆಚ್ಚು ಕೇಳಬೇಡಿ.

ನಕ್ಷೆ ಮೇಷ್ಟ್ರು:
ಅಧಿಕೃತ ರಾಜಧಾನಿಯೇ ಇಲ್ಲದ ದೇಶ ಅದು. ಸಂಸತ್ತು, ಸರ್ಕಾರಿ ಕಚೇರಿಗಳು, ವಿಮಾನ ನಿಲ್ದಾಣ ಯಾರೆನ್ ಜಿಲ್ಲೆಯಲ್ಲಿವೆ, ಹಾಗಾಗಿ ಪುಸ್ತಕದವರು ಅದನ್ನೇ ರಾಜಧಾನಿ ಮಾಡಿಬಿಟ್ಟಿದ್ದಾರೆ. ಜಿಲ್ಲೆ ಎಂದರೆ ನಮ್ಮ ಜಿಲ್ಲೆಯಂತೆ ಊಹಿಸಿಕೊಳ್ಳಬೇಡಿ. ಅಂಥ 14 ಜಿಲ್ಲೆಗಳು ಆ 21 ಚದರ ಕಿ.ಮೀ. ಒಳಗೇ ಇವೆ.

ಜಾಗ ಎಲ್ಲಿದೆ ಎಂದರೆ ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ಅತಿ ಹತ್ತಿರದ ನೆರೆಯೆಂದರೆ ಪೂರ್ವಕ್ಕೆ 300 ಕಿ.ಮೀ. ದೂರದ ಬನಾಬಾ ದ್ವೀಪ, ಅದು ಕಿರಿಬಾಟಿ ದೇಶಕ್ಕೆ ಸೇರಿದ್ದು. ನೌರುವಿನ ಸುತ್ತ ಹವಳದ ದಿಬ್ಬ, ಅದರ ಒಳಗೆ ತೆಂಗು ಬೆಳೆಯುವ ಕಿರಿದಾದ ಕರಾವಳಿ ಪಟ್ಟಿ. ಜನವಸತಿ ಹೆಚ್ಚುಕಡಿಮೆ ಎಲ್ಲ ಅಲ್ಲೇ. ಒಂದೇ ರಸ್ತೆ ಇಡೀ ದೇಶವನ್ನು ಸುತ್ತುತ್ತದೆ, ಸುಮಾರು 19 ಕಿ.ಮೀ. ಪಟ್ಟಿಯ ಹಿಂದೆ ನೆಲ ದಿಢೀರನೆ ಏರಿ ನಡುದ್ವೀಪದ ಪ್ರಸ್ಥಭೂಮಿಯಾಗುತ್ತದೆ. ಅಲ್ಲಿಯವರು ಅದನ್ನು ಟಾಪ್‌ಸೈಡ್ ಎನ್ನುತ್ತಾರೆ. ಗಣಿಗಾರಿಕೆ ನಡೆದದ್ದು ಅಲ್ಲೇ. ನದಿ ಇಲ್ಲ, ಹಳ್ಳ ಇಲ್ಲ. ಬುವಾಡಾ ಎಂಬ ಒಂದು ಕೆರೆ ಇದೆ, ಅದರ ನೀರೂ ಸವಳು. ಕುಡಿಯಲು ಮಳೆನೀರು, ಇಲ್ಲವೇ ಉಪ್ಪು ತೆಗೆದ ಸಮುದ್ರದ ನೀರು. ಫಾಸ್ಫೇಟ್ ಒಯ್ಯಲು ಬರುವ ಹಡಗುಗಳಲ್ಲಿ ಕುಡಿಯುವ ನೀರು ತರಿಸಿಕೊಳ್ಳುತ್ತಿದ್ದ ಕಾಲವೂ ಇತ್ತು.

ಗಣಿಧೂಳು:
ಸಂಡೂರಿನವನು ನಾನು, ಗಣಿ ನೋಡುತ್ತಲೇ ಬೆಳೆದವನು. ನಮ್ಮಲ್ಲಿ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಾರೆ. ನೌರುವಿನ ಕೆಲಸವೇ ಬೇರೆ. ಅಲ್ಲಿ ಫಾಸ್ಫೇಟ್ ಇದ್ದದ್ದು ಸುಣ್ಣಕಲ್ಲಿನ ಕಂಬಗಳ ನಡುವಿನ ಸಂದಿಗಳಲ್ಲಿ. ಮೇಲಿನ ಗಿಡಮರ, ಮಣ್ಣು ಕೆರೆದು ಹಾಕಿ, ಕ್ರೇನಿನ ತುದಿಗೆ ಹಲ್ಲಿನ ಬಾಯಿಯ ಬಕೆಟ್ ಕಟ್ಟಿ ಸಂದಿಯೊಳಗೆ ಇಳಿಬಿಡುತ್ತಾರೆ. ಅದು ಬಾಯಿ ಮುಚ್ಚಿ ಮೇಲೆ ಬಂದಾಗ ಕಂದುಬಣ್ಣದ ಪುಡಿ. ಮತ್ತೆ ಇಳಿಸುವುದು, ಮತ್ತೆ ಎತ್ತುವುದು. ಸಂದಿ ಬರಿದಾದ ಮೇಲೆ ಉಳಿಯುವುದು ಚೂಪುಚೂಪಾದ ಬಿಳಿ ಕಂಬಗಳು, ಕೆಲವು ಕಡೆ ಎರಡಾಳು, ಕೆಲವು ಕಡೆ ಹತ್ತು ಮೀಟರಿಗೂ ಹೆಚ್ಚು ಎತ್ತರ. ಮಣ್ಣೇ ಇಲ್ಲದ ಮೇಲೆ ಉಳುವುದೆಲ್ಲಿ, ನಡೆಯುವುದೆಲ್ಲಿ? ದ್ವೀಪದ ಐದರಲ್ಲಿ ನಾಲ್ಕು ಪಾಲು ಹೀಗಾಗಿದೆ.

ಹಡಗಿಗೆ ತುಂಬುವುದೂ ಒಂದು ಸಾಹಸ. ಹವಳದ ದಿಬ್ಬ ದಾಟಿದೊಡನೆ ಸಮುದ್ರ ಪಾತಾಳ, ಲಂಗರು ನಿಲ್ಲುವುದಿಲ್ಲ. ಆಳದಲ್ಲಿ ಬಿಗಿದ ತೇಲುಬುರುಡೆಗಳಿಗೆ ಹಡಗನ್ನು ಕಟ್ಟಿ, ಐವೊ ಜಿಲ್ಲೆಯ ದಡದಿಂದ ಚಾಚಿದ ಉಕ್ಕಿನ ತೋಳುಗಳ ಮೇಲೆ ಪಟ್ಟಿ ಓಡಿಸಿ ಪುಡಿ ಸುರಿಯುತ್ತಿದ್ದರು. ಗಾಳಿ ದಿಕ್ಕು ಬದಲಿಸಿದರೆ ಹಡಗು ದಿನಗಟ್ಟಲೆ ಆಚೆ ಸುತ್ತುತ್ತಾ ಕಾಯಬೇಕು.

ನೇರಮಾತು:
ಎಲ್ಲ ಸರಿ ಸ್ವಾಮಿ, ಆದರೆ ಆ ವಿಡಿಯೊಗಳಲ್ಲಿ ಸುಳ್ಳೇನಿದೆ? ದುಡ್ಡು ಬಂತು, ಉಡಾಯಿಸಿದರು. ಹಕ್ಕಿಯ ಹಿಕ್ಕೆ ಮಾರಿ ಬಂದ ಹಣ ಹಕ್ಕಿಯಂತೆಯೇ ಹಾರಿಹೋಯಿತು.

ಲೆಕ್ಕಪತ್ರ:
ನೇರಮಾತು ಅವರೇ, ಯಾರ ದುಡ್ಡು, ಯಾವಾಗ ಬಂತು ಎಂದು ನೋಡೋಣ. ದ್ವೀಪವನ್ನು 1888ರಲ್ಲಿ ಜರ್ಮನಿ ತನ್ನದಾಗಿಸಿಕೊಂಡಿತು. ಸಿಡ್ನಿಯ ಕಚೇರಿಯೊಂದರಲ್ಲಿ ಬಾಗಿಲಿಗೆ ಆನಿಸಿ ಇಟ್ಟಿದ್ದ ನೌರುವಿನ ಕಲ್ಲನ್ನು ಆಲ್ಬರ್ಟ್ ಎಲ್ಲಿಸ್ ಎಂಬಾತ ಪರೀಕ್ಷಿಸಿ, ಅದು ಉತ್ತಮ ದರ್ಜೆಯ ಫಾಸ್ಫೇಟ್ ಎಂದು ಕಂಡುಕೊಂಡದ್ದು 1900ರ ಹೊತ್ತಿಗೆ. ಆಮೇಲೆ ಕೆಲವೇ ವರ್ಷಗಳಲ್ಲಿ ಗಣಿ ಶುರು. ಮೊದಲ ಮಹಾಯುದ್ಧದ ನಂತರ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆ ಕಟ್ಟಿಕೊಂಡವು. ಮೂರೂ ದೇಶಗಳ ರೈತರಿಗೆ ಗೊಬ್ಬರ ಮಾರುಕಟ್ಟೆಯ ಬೆಲೆಗಲ್ಲ, ಬಹುಪಾಲು ಅಸಲಿನ ಬೆಲೆಗೆ ಹೋಯಿತು. ನೆಲದ ಒಡೆಯನಿಗೆ ಆರಂಭದಲ್ಲಿ ಸಿಕ್ಕಿದ್ದು ಟನ್ನಿಗೆ ಅರ್ಧ ಪೆನ್ನಿ.

ಸ್ವಾತಂತ್ರ್ಯ ಬರುವಷ್ಟರಲ್ಲಿ ದ್ವೀಪದ ಮೂರರಲ್ಲಿ ಒಂದು ಭಾಗ ಅಗೆದು ಮುಗಿದಿತ್ತು. ಇನ್ನೂ ಕೇಳಿ: ತಮ್ಮದೇ ನೆಲದ ಗಣಿಯ ಯಂತ್ರೋಪಕರಣಗಳಿಗೆ ನೌರುವಿನವರು 2.1 ಕೋಟಿ ಆಸ್ಟ್ರೇಲಿಯಾ ಡಾಲರ್ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಗಣಿ ಪೂರ್ತಿ ಅವರ ಕೈಗೆ ಬಂದದ್ದು 1970ರಲ್ಲಿ.

ನೇರಮಾತು:
1970ರಲ್ಲಿ ಬಂತಲ್ಲ! ಅಲ್ಲಿಂದ ಮೂವತ್ತು ವರ್ಷ ಏನು ಮಾಡಿದರು? ಲಂಡನ್‌ನಲ್ಲಿ ಲಿಯೊನಾರ್ಡೊ ಡ ವಿಂಚಿಯ ಮೇಲೆ ಸಂಗೀತ ನಾಟಕ ಆಡಿಸಲು ಹಣ ಸುರಿದರು. 1993ರಲ್ಲಿ ತೆರೆ ಎದ್ದ ಆ ನಾಟಕ ಕೆಲವೇ ವಾರಗಳಲ್ಲಿ ಮುಚ್ಚಿತು. ಅದನ್ನೂ ಬ್ರಿಟಿಷರೇ ಮಾಡಿಸಿದರೇ? ಊರಿನಷ್ಟು ಜನಸಂಖ್ಯೆಗೆ ಬೋಯಿಂಗ್ ವಿಮಾನಗಳ ಸಾಲು. ಅವೋ ಅರ್ಧ ಖಾಲಿ ಹಾರುತ್ತಿದ್ದವು. ಕೊನೆಯ ವಿಮಾನವನ್ನು ಸಾಲ ಕೊಟ್ಟವರು 2005ರ ಡಿಸೆಂಬರಿನಲ್ಲಿ ಜಪ್ತಿ ಮಾಡಿಕೊಂಡು ಹೋದರು.

ಯಾರ್ರಾ ತೀರದವಳು:
ಮೆಲ್ಬರ್ನ್‌ನಲ್ಲಿದ್ದೇನೆ. ಆ 52 ಮಹಡಿಯ ಕಟ್ಟಡ ಈಗಲೂ ಕಾಲಿನ್ಸ್ ಬೀದಿಯಲ್ಲಿ ನಿಂತಿದೆ, ಹೆಸರು ಮಾತ್ರ ಬದಲಾಗಿದೆ. 1977ರಲ್ಲಿ ಮುಗಿದಾಗ ಊರಿನ ಅತಿ ಎತ್ತರದ ಕಟ್ಟಡಗಳಲ್ಲಿ ಒಂದು. ಊರವರು ಅದನ್ನು ಹಿಕ್ಕೆ ಗೋಪುರ ಎಂದು ಗೇಲಿ ಮಾಡುತ್ತಿದ್ದರಂತೆ. ಆ ಗೊಬ್ಬರದಲ್ಲಿ ಬೆಳೆದ ಗೋಧಿಯನ್ನು ತಿಂದವರೇ ಗೇಲಿ ಮಾಡಿದ್ದು ಎಂಬುದು ನನಗೆ ಸೋಜಿಗ.

ನೇರಮಾತು ಅಣ್ಣ, ಆ ಕಟ್ಟಡ ಕೆಟ್ಟ ಹೂಡಿಕೆಯಾಗಿರಲಿಲ್ಲ. ಗಣಿ ಮುಗಿದ ಮೇಲೆ ಬದುಕಲೆಂದು ಟ್ರಸ್ಟ್ ಕಟ್ಟಿ ಆಸ್ತಿ ಕೊಳ್ಳುವುದು ಬುದ್ಧಿವಂತರ ಲಕ್ಷಣವೇ. ಕೆಟ್ಟದ್ದು ಆಮೇಲೆ ಅದರ ಮೇಲೆ ಮಾಡಿದ ಸಾಲ, ಲೆಕ್ಕವಿಲ್ಲದ ಖರ್ಚು, ಸಲಹೆಗಾರರೆಂದು ಬಂದು ಅಂಟಿಕೊಂಡ ಹೊರಗಿನವರು.

ಘಟ್ಟದ ಹುಡುಗ:
ಪೊಲೀಸ್ ಮುಖ್ಯಸ್ಥ ಲ್ಯಾಂಬೋರ್ಗಿನಿ ಕೊಂಡು ಅದರೊಳಗೆ ಹಿಡಿಸದೇ ಹೋದ ಕಥೆ ನಿಜವೇ?

ಲೆಕ್ಕಪತ್ರ:
ಎಲ್ಲರೂ ಹೇಳುತ್ತಾರೆ, ನೋಡಿದೆ ಎನ್ನುವವರು ಸಿಗುವುದಿಲ್ಲ. ಪಾಠಕ್ಕೆ ಬೇಡ, ಬಿಡಿ.

ಹಳೆಯ ಪುಟ:
ಈ ಜನರ ಬಗ್ಗೆ ಮಾತಾಡುವ ಮುನ್ನ ಯುದ್ಧದ ವರ್ಷಗಳನ್ನು ಓದಿಕೊಳ್ಳಬೇಕು. 1942ರಲ್ಲಿ ಜಪಾನ್ ದ್ವೀಪವನ್ನು ಹಿಡಿಯಿತು. ಮರುವರ್ಷ 39 ಕುಷ್ಠರೋಗಿಗಳನ್ನು ದೋಣಿಗೆ ಹತ್ತಿಸಿ ಸಮುದ್ರಕ್ಕೆ ಒಯ್ದು ಮುಳುಗಿಸಿ ಕೊಂದರು. ಸುಮಾರು 1,200 ನೌರು ಜನರನ್ನು ಪೆಸಿಫಿಕ್‌ನಲ್ಲೇ ಇರುವ ಟ್ರಕ್ ಎಂಬ ದ್ವೀಪಗಳಿಗೆ ಸಾಗಿಸಿ ದುಡಿಸಿಕೊಂಡರು. ಹಸಿವಿನಿಂದ, ರೋಗದಿಂದ, ಬಾಂಬಿನಿಂದ ಸತ್ತು ಉಳಿದವರು 737. ಅವರು ಹಡಗಿನಲ್ಲಿ ಮರಳಿ ಬಂದಿಳಿದದ್ದು 1946ರ ಜನವರಿ 31. ಸ್ವಾತಂತ್ರ್ಯಕ್ಕೆ ಅದೇ ತಾರೀಖನ್ನು ಆರಿಸಿಕೊಂಡರು.

ಅಕ್ಟೋಬರ್ 26ರಂದು ಅಂಗಾಮ್ ಎಂಬ ಹಬ್ಬವಿದೆ. ಜನಾಂಗ ಉಳಿಯಬೇಕಾದರೆ ಕನಿಷ್ಠ 1,500 ಜನ ಇರಬೇಕೆಂದು ಮೊದಲ ಮಹಾಯುದ್ಧದ ನಂತರ ಎಣಿಕೆ ಹಾಕಿದ್ದರು. 1932ರಲ್ಲಿ ಆ ಸಂಖ್ಯೆಯ ಮಗು ಹುಟ್ಟಿದಾಗ ಹಬ್ಬ ಮಾಡಿದರು. ಯುದ್ಧ ಅದನ್ನು ಕಿತ್ತುಕೊಂಡಿತು. 1949ರಲ್ಲಿ ಮತ್ತೆ 1,500 ಮುಟ್ಟಿದರು. ಜನ್ಮದಿನದ ಲೆಕ್ಕದಲ್ಲಿ ರಾಷ್ಟ್ರೀಯ ಹಬ್ಬ ಮಾಡುವವರನ್ನು ಸೋಮಾರಿಗಳು ಎಂಬ ಒಂದು ಮಾತಿನಲ್ಲಿ ಮುಗಿಸಬೇಡಿ.

ನೇರಮಾತು:
ದುಃಖದ ಕಥೆಗೂ ಹಣಕಾಸಿನ ಬೇಜವಾಬ್ದಾರಿಗೂ ಏನು ಸಂಬಂಧ? ಗಣಿಯಲ್ಲಿ ಮೈಮುರಿದು ದುಡಿದವರು ಕಿರಿಬಾಟಿ, ತುವಾಲು, ಚೀನಾದ ಕೂಲಿಗಳು. ನೌರುವಿನವರಿಗೆ ಸರ್ಕಾರಿ ನೌಕರಿ. ಆಗ ತೆರಿಗೆ ಇರಲಿಲ್ಲ, ಶಾಲೆ ಆಸ್ಪತ್ರೆ ಬಿಟ್ಟಿ. ಇದು ಸುಳ್ಳೇ?

ಹಳೆಯ ಪುಟ:
ಸುಳ್ಳಲ್ಲ. ಆದರೆ ಕೂಲಿಯವರನ್ನು ಹೊರಗಿನಿಂದ ತರುವ ಪದ್ಧತಿ ಶುರು ಮಾಡಿದ್ದು ಕಂಪನಿ, ನೌರು ಸರ್ಕಾರವಲ್ಲ.

ಬಿಳಿ ಕೋಟು:
ವೈದ್ಯೆಯಾಗಿ ಒಂದು ಮಾತು. ದಪ್ಪಗಿದ್ದಾರೆಂದು ನಗುವವರಿಗೆ ಹೇಳಬೇಕು: 1975ರಲ್ಲಿ ಪಾಲ್ ಝಿಮ್ಮೆಟ್ ಎಂಬ ಆಸ್ಟ್ರೇಲಿಯಾದ ವೈದ್ಯರು ಅಲ್ಲಿ ಸಮೀಕ್ಷೆ ಮಾಡಿದಾಗ ವಯಸ್ಕರಲ್ಲಿ ಸುಮಾರು ಮೂವರಿಗೆ ಒಬ್ಬರಿಗೆ ಮಧುಮೇಹ ಕಂಡಿತು. ವೈದ್ಯಲೋಕವೇ ಬೆಚ್ಚಿತು. ಮೀನು, ತೆಂಗು, ಪಾಂಡಾನಸ್ ಹಣ್ಣು ತಿನ್ನುತ್ತಿದ್ದ ಜನ ಒಂದೇ ತಲೆಮಾರಿನಲ್ಲಿ ಬಿಳಿ ಅಕ್ಕಿ, ಸಕ್ಕರೆ, ಡಬ್ಬಿ ಮಾಂಸಕ್ಕೆ ತಿರುಗಿದರು. ತರಕಾರಿ ಬೆಳೆಯಬೇಕಾದ ನೆಲ ಹಡಗು ಹತ್ತಿ ಹೋಗಿತ್ತು. ಈಗಲೂ ಸೊಪ್ಪು, ಹಣ್ಣು ದೂರದಿಂದ ಬರಬೇಕು. ಹಾಗೆ ನೋಡಿದರೆ ಮಧುಮೇಹದ ವಿಷಯದಲ್ಲಿ ನಾವು ಭಾರತೀಯರು ಇನ್ನೊಬ್ಬರನ್ನು ನೋಡಿ ನಗುವ ಸ್ಥಿತಿಯಲ್ಲಿ ಇಲ್ಲ.

ಗಣಿಧೂಳು:
ಹಳೆಯ ಆಹಾರದ ನೆನಪು ಪೂರ್ತಿ ಹೋಗಿಲ್ಲ ಮೇಡಂ. ಸಂಜೆ ಗೂಡಿಗೆ ಮರಳುವ ನಾಡಿ ಎಂಬ ಕಪ್ಪು ಕಡಲಹಕ್ಕಿಗಳನ್ನು ಈಗಲೂ ಹಿಡಿದು ಸುಟ್ಟು ತಿನ್ನುತ್ತಾರೆ. ಹಕ್ಕಿಯ ಕೂಗನ್ನು ಧ್ವನಿವರ್ಧಕದಲ್ಲಿ ಹಾಕಿ ಉದ್ದ ಕೋಲಿನ ಬಲೆ ಹಿಡಿದು ಕಾಯುವುದು. ಬುವಾಡಾ ಕೆರೆಯಲ್ಲಿ ಹಾಲುಮೀನು ಸಾಕುವ ರೂಢಿ ತಲೆತಲಾಂತರದ್ದು, ಮರಿಗಳನ್ನು ಸಮುದ್ರದ ದಡದಲ್ಲಿ ಹಿಡಿದು ತಂದು ಕೆರೆಗೆ ಬಿಡುತ್ತಿದ್ದರು. ಪ್ರತಿ ಮನೆತನಕ್ಕೆ ಕೆರೆಯಲ್ಲಿ ತನ್ನ ಪಾಲು.

ನಿರ್ವಾಹಕ:
ಬಾಯಲ್ಲಿ ನೀರೂರುವ ವಿವರ ಸಾಕು. ಕಡಲಕರೆ ಅವರು ಸರ್ಕಾರದ ಬಗ್ಗೆ ಕೇಳಿದ್ದಾರೆ.

ವಿಧಾನವೀಧಿ:
ನನ್ನ ಪಾಳಿ. ಸಂಸತ್ತಿನಲ್ಲಿ 19 ಸದಸ್ಯರು, ಎಂಟು ಕ್ಷೇತ್ರ, ಮೂರು ವರ್ಷದ ಅವಧಿ. ಹೇಳಿಕೊಳ್ಳುವಂಥ ಪಕ್ಷಗಳಿಲ್ಲ, ನಿಲ್ಲುವವರೆಲ್ಲ ಪಕ್ಷೇತರರು. ಸದಸ್ಯರು ತಮ್ಮೊಳಗಿಂದಲೇ ಅಧ್ಯಕ್ಷರನ್ನು ಆರಿಸುತ್ತಾರೆ, ಅವರೇ ಸರ್ಕಾರದ ಮುಖ್ಯಸ್ಥರು, ಅವರೇ ರಾಷ್ಟ್ರದ ಮುಖ್ಯಸ್ಥರು. ಮೊದಲ ಅಧ್ಯಕ್ಷ ಹ್ಯಾಮರ್ ಡಿರೋಬರ್ಟ್, ಟ್ರಕ್‌ನಿಂದ ಬದುಕಿ ಬಂದವರಲ್ಲಿ ಒಬ್ಬರು. ಈಗಿನವರು ಡೇವಿಡ್ ಅಡಿಯಾಂಗ್. ನಡುವೆ ಮಾರ್ಕಸ್ ಸ್ಟೀಫನ್ ಎಂಬ ಭಾರ ಎತ್ತುವ ಪಟು ಕೂಡ ಅಧ್ಯಕ್ಷರಾಗಿದ್ದರು, ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ ಗೆದ್ದವರು.

ಮತದಾನದ ವಿಧಾನ ಸ್ವಾರಸ್ಯದ್ದು. ಮತದಾರ ಎಲ್ಲ ಅಭ್ಯರ್ಥಿಗಳಿಗೂ ಕ್ರಮಾಂಕ ಹಾಕಬೇಕು. ಮೊದಲ ಕ್ರಮಾಂಕಕ್ಕೆ ಒಂದು ಮತ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಮೂರನೇ ಒಂದು, ಹೀಗೆ ಇಳಿಯುತ್ತದೆ. ಎಲ್ಲ ಕೂಡಿಸಿ ಹೆಚ್ಚು ಬಂದವರು ಗೆದ್ದರು. ಡೌಡಲ್ ಎಂಬ ಕಾನೂನು ಅಧಿಕಾರಿ 1971ರಲ್ಲಿ ತಂದದ್ದು. ನೆಂಟರಿಷ್ಟರೇ ಅಭ್ಯರ್ಥಿಗಳಾಗಿರುವ ಊರಿನಲ್ಲಿ ಇದರ ಅನುಕೂಲ ನೋಡಿ: ಮಾವನಿಗೆ ಒಂದು ಕೊಟ್ಟು, ಭಾವನಿಗೆ ಅರ್ಧ ಕೊಟ್ಟು, ಇಬ್ಬರ ಮುಖವನ್ನೂ ನೋಡಬಹುದು.

ಇಷ್ಟು ನಾಜೂಕಿನ ವಿಧಾನವಿದ್ದೂ ಸ್ಥಿರತೆ ಇರಲಿಲ್ಲ. 1989ರಿಂದ 2003ರ ನಡುವೆ 17 ಬಾರಿ ಆಡಳಿತ ಕೈ ಬದಲಾಯಿತು. ಇಬ್ಬರು ಅತ್ತಿಂದಿತ್ತ ಹೋದರೆ ಸರ್ಕಾರ ಉರುಳುತ್ತಿತ್ತು.

ಘಟ್ಟದ ಹುಡುಗ:
ಶಾಸಕರನ್ನು ರೆಸಾರ್ಟಿಗೆ ಒಯ್ಯುವ ಖರ್ಚಾದರೂ ಉಳಿಯಿತಲ್ಲ, ಇಡೀ ದ್ವೀಪವೇ ರೆಸಾರ್ಟ್!

ವಿಧಾನವೀಧಿ:
ನಗಬೇಡಿ, ಟ್ರಸ್ಟಿನ ಹಣ ಕರಗಿದ್ದಕ್ಕೂ ಇದಕ್ಕೂ ನೇರ ನಂಟಿದೆ. ಮುಂದಿನ ವರ್ಷ ಕುರ್ಚಿ ಇರುತ್ತದೋ ಇಲ್ಲವೋ ಎನ್ನುವ ಸರ್ಕಾರ ನಲವತ್ತು ವರ್ಷದ ನಂತರದ ಯೋಚನೆ ಮಾಡುವುದಿಲ್ಲ. ಸಂಬಳ, ಸವಲತ್ತು ಕಡಿತ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ.

ನೇರಮಾತು:
ಅಂದರೆ ತಪ್ಪು ಅವರದೇ ಎಂದಾಯಿತು. ನಾನು ಹೇಳಿದ್ದೂ ಅದೇ.

ಲೆಕ್ಕಪತ್ರ:
ಅವರದೂ ಇದೆ ಎನ್ನಿ, ಅವರದೇ ಎನ್ನಬೇಡಿ. ಗಣಿ ನೆಲ ಸರಿಪಡಿಸುವ ವಿಷಯದಲ್ಲಿ ಅವರು ಕೈಕಟ್ಟಿ ಕೂರಲಿಲ್ಲ. 1986ರಲ್ಲಿ ಶ್ರೀಲಂಕಾದ ನ್ಯಾಯಶಾಸ್ತ್ರಜ್ಞ ಕ್ರಿಸ್ಟೋಫರ್ ವೀರಮಂತ್ರಿ ಅವರ ನೇತೃತ್ವದಲ್ಲಿ ತನಿಖಾ ಆಯೋಗ ರಚಿಸಿದರು. 1989ರಲ್ಲಿ ಆಸ್ಟ್ರೇಲಿಯಾವನ್ನೇ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆದರು. ಮೊಕದ್ದಮೆಯೇ ನಿಲ್ಲುವುದಿಲ್ಲ ಎಂದು ಆಸ್ಟ್ರೇಲಿಯಾ ವಾದಿಸಿತು, 1992ರಲ್ಲಿ ನ್ಯಾಯಾಲಯ ಆ ವಾದವನ್ನು ಬಹುತೇಕ ತಳ್ಳಿಹಾಕಿತು. ಮರುವರ್ಷ ರಾಜಿ: 10.7 ಕೋಟಿ ಆಸ್ಟ್ರೇಲಿಯಾ ಡಾಲರ್. ಬ್ರಿಟನ್, ನ್ಯೂಜಿಲೆಂಡ್ ತಲಾ 1.2 ಕೋಟಿ ಕೊಟ್ಟು ಕೈತೊಳೆದುಕೊಂಡವು.

ಇನ್ನೊಂದು ಸಂಗತಿ. ಅರವತ್ತರ ದಶಕದಲ್ಲಿ ಆಸ್ಟ್ರೇಲಿಯಾ ಇಡೀ ಜನಾಂಗವನ್ನೇ ಕ್ವೀನ್ಸ್‌ಲೆಂಡ್ ಬಳಿಯ ಕರ್ಟಿಸ್ ದ್ವೀಪಕ್ಕೆ ಸಾಗಿಸುವ ಪ್ರಸ್ತಾಪ ಇಟ್ಟಿತ್ತು. ನೆಲದ ಜೊತೆ ಸಾರ್ವಭೌಮತ್ವವೂ ಬೇಕೆಂದರು ನೌರುವಿನವರು, ಅದು ಆಗದೆಂದಾಗ 1964ರಲ್ಲಿ ಒಲ್ಲೆ ಎಂದರು.

ಪಣಂಬೂರು ಪಯಣಿಗ:
ಯಾರೂ ಎತ್ತದ ಒಂದು ವಿಷಯ. ಒಡಿಶಾದ ಪಾರಾದೀಪ್ ಫಾಸ್ಫೇಟ್ಸ್ ಗೊತ್ತಲ್ಲ? 1981ರಲ್ಲಿ ಅದು ಹುಟ್ಟಿದ್ದೇ ಭಾರತ ಸರ್ಕಾರ ಮತ್ತು ನೌರು ಗಣರಾಜ್ಯದ ಜಂಟಿ ಉದ್ಯಮವಾಗಿ! 1993ರಲ್ಲಿ ನೌರು ತನ್ನ ಪಾಲು ಬಿಟ್ಟು ಹೊರನಡೆಯಿತು. ಆಮೇಲೆ ಕಂಪನಿಯ ಬಹುಪಾಲು ಖಾಸಗಿಯವರ ಕೈಸೇರಿತು. ನಮ್ಮ ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಗೊಬ್ಬರ ಕಾರ್ಖಾನೆಯನ್ನು ಅದರೊಳಗೆ ವಿಲೀನಗೊಳಿಸುವ ತೀರ್ಮಾನ ಬಂದದ್ದು 2024ರಲ್ಲಿ.

ಕಡಲಕರೆ:
ಪಯಣಿಗರೇ, ಇದು ತರಗತಿಗೆ ಹೇಳಿಮಾಡಿಸಿದಂತಿದೆ. ಹೋಗಲಿ, ಈಗ ಆದಾಯ ಎಲ್ಲಿಂದ?

ಲೆಕ್ಕಪತ್ರ:
ಫಾಸ್ಫೇಟ್ ಬತ್ತಿದ ಮೇಲೆ ಮಾರಲು ಉಳಿದದ್ದು ದೇಶ ಎಂಬ ಪದವಿ ಮಾತ್ರ. ಅದನ್ನೇ ಬಿಡಿಬಿಡಿಯಾಗಿ ಮಾರಿದರು.

ತೊಂಬತ್ತರ ದಶಕದಲ್ಲಿ ಯಾರು ಬೇಕಾದರೂ ಅಲ್ಲಿ ಬ್ಯಾಂಕ್ ನೋಂದಾಯಿಸಬಹುದಿತ್ತು. ನೂರಾರು ಬ್ಯಾಂಕುಗಳಿಗೆ ಒಂದೇ ಸರ್ಕಾರಿ ಅಂಚೆಪೆಟ್ಟಿಗೆ ವಿಳಾಸ. 1998ರಲ್ಲಿ ಒಂದೇ ವರ್ಷ ರಷ್ಯಾದಿಂದ 7,000 ಕೋಟಿ ಅಮೆರಿಕ ಡಾಲರ್ ಆ ಬ್ಯಾಂಕುಗಳ ಮೂಲಕ ಹರಿಯಿತೆಂದು ರಷ್ಯಾದ ಕೇಂದ್ರ ಬ್ಯಾಂಕಿನವರೇ ಹೇಳಿದರು. ಅಮೆರಿಕ ಗದರಿಸಿದ ಮೇಲೆ ಆ ಅಂಗಡಿ ಮುಚ್ಚಿತು. ನಂತರ ರಾಜತಾಂತ್ರಿಕ ಮಾನ್ಯತೆ: 2002ರಲ್ಲಿ ತೈವಾನ್ ಬಿಟ್ಟು ಚೀನಾ, 2005ರಲ್ಲಿ ಚೀನಾ ಬಿಟ್ಟು ತೈವಾನ್, 2024ರ ಜನವರಿಯಲ್ಲಿ ಮತ್ತೆ ಚೀನಾ.

ಗೌರವದ ಆದಾಯವೂ ಇದೆ, ಅದನ್ನು ವಿಡಿಯೊದವರು ಹೇಳುವುದಿಲ್ಲ. ಸುತ್ತಲ ಮೂರು ಲಕ್ಷ ಚದರ ಕಿ.ಮೀ.ಗೂ ಹೆಚ್ಚಿನ ಸಮುದ್ರ ಅವರ ಹಕ್ಕಿನದು, ಟ್ಯೂನಾ ಮೀನಿನ ಕಣಜ. ನೆರೆಯ ದ್ವೀಪ ದೇಶಗಳ ಜೊತೆ ಸೇರಿ, ವಿದೇಶಿ ದೋಣಿಗಳಿಗೆ ಮೀನು ಹಿಡಿಯುವ ದಿನಗಳನ್ನೇ ಲೆಕ್ಕ ಹಾಕಿ ಮಾರುತ್ತಾರೆ. ದಿನಕ್ಕೆ ಕನಿಷ್ಠ ದರ 8,000 ಅಮೆರಿಕ ಡಾಲರ್. ಆ ಕೂಟದ ಮೂಲ ಒಪ್ಪಂದಕ್ಕೆ ನೌರು ಒಪ್ಪಂದ ಎಂದೇ ಹೆಸರು, 1982ರದು.

ಯಾರ್ರಾ ತೀರದವಳು:
ದೊಡ್ಡದನ್ನು ಬಿಟ್ಟಿರಿ. ದೋಣಿಯಲ್ಲಿ ಆಸ್ಟ್ರೇಲಿಯಾಕ್ಕೆ ಆಶ್ರಯ ಕೇಳಿ ಬಂದವರನ್ನು 2001ರಿಂದ ನೌರುವಿನಲ್ಲಿ ಇರಿಸುತ್ತಿದ್ದಾರೆ. 2008ರಲ್ಲಿ ನಿಂತಿತು, 2012ರಲ್ಲಿ ಮತ್ತೆ ಶುರುವಾಯಿತು. ಅಲ್ಲಿನ ಮಕ್ಕಳ ಸ್ಥಿತಿಯ ಬಗ್ಗೆ 2016ರಲ್ಲಿ ಸಾವಿರಾರು ಪುಟಗಳ ವರದಿ ಸೋರಿಕೆಯಾದಾಗ ಇಲ್ಲಿ ಬೀದಿ ಪ್ರತಿಭಟನೆಗಳಾದವು. ಪತ್ರಕರ್ತರ ವೀಸಾ ಶುಲ್ಕವನ್ನು ನೌರು 8,000 ಡಾಲರಿಗೆ ಏರಿಸಿತ್ತು, ಮಂಜೂರಾಗದಿದ್ದರೂ ಹಣ ವಾಪಸ್ಸಿಲ್ಲ. 2025ರ ಆಗಸ್ಟಿನಲ್ಲಿ ಇನ್ನೊಂದು ಒಪ್ಪಂದವಾಗಿದೆ: ಆಸ್ಟ್ರೇಲಿಯಾ ಗಡೀಪಾರು ಮಾಡಲಾಗದೇ ಉಳಿದ ಕೆಲವು ನೂರು ಜನರನ್ನು ನೌರು ಇಟ್ಟುಕೊಳ್ಳುವುದು, ಬದಲಿಗೆ ಮೂವತ್ತು ವರ್ಷಗಳಲ್ಲಿ 250 ಕೋಟಿ ಆಸ್ಟ್ರೇಲಿಯಾ ಡಾಲರಿನಷ್ಟು. ನಾನು ಕಟ್ಟುವ ತೆರಿಗೆಯೂ ಅದರಲ್ಲಿದೆ, ಅದಕ್ಕೇ ಹೊಟ್ಟೆ ಉರಿಯುತ್ತದೆ. ಆದರೆ ಬೈಯಬೇಕಾದದ್ದು ಬಾಡಿಗೆಗೆ ಕೊಟ್ಟವರನ್ನೋ, ಬಾಡಿಗೆಗೆ ಹಿಡಿದವರನ್ನೋ?

ನೇರಮಾತು:
ಇಬ್ಬರನ್ನೂ.

ಯಾರ್ರಾ ತೀರದವಳು:
ಅಬ್ಬಾ, ನೀವು ಮೊದಲ ಸಲ ಪಾಲು ಹಂಚಿದಿರಿ.

ಗಣಿಧೂಳು:
ಹೊಸ ಗಣಿಯ ಕಥೆಯೂ ಸೇರಿಸಿ. ಈ ಬಾರಿ ನೆಲದ್ದಲ್ಲ, ಸಮುದ್ರದ ತಳದ್ದು. ಹವಾಯಿಗೂ ಮೆಕ್ಸಿಕೊಗೂ ನಡುವೆ ನಾಲ್ಕೈದು ಸಾವಿರ ಮೀಟರ್ ಆಳದಲ್ಲಿ ನಿಕ್ಕಲ್, ಕೋಬಾಲ್ಟ್, ಮ್ಯಾಂಗನೀಸ್ ಗಟ್ಟಿಗಳು ಬಿದ್ದಿವೆ. ಅವನ್ನು ಎತ್ತಲು ಹೊರಟ ಕೆನಡಾದ ಕಂಪನಿಗೆ ನೌರು ಪ್ರಾಯೋಜಕ ದೇಶ. ನಿಯಮಾವಳಿಯನ್ನು ಎರಡು ವರ್ಷದೊಳಗೆ ಮುಗಿಸಿ ಎಂದು 2021ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ಗಡುವು ಕೊಟ್ಟದ್ದು ಇದೇ ಪುಟ್ಟ ದೇಶ. ಟಾಪ್‌ಸೈಡ್ ನೋಡಿಯೂ ಈ ಧೈರ್ಯ ಹೇಗೆ ಬಂತೋ.

ಹಳೆಯ ಪುಟ:
ಟಾಪ್‌ಸೈಡ್ ನೋಡಿಯೇ ಬಂದಿರಬೇಕು. ಕಡಲು ಏರಿದರೆ ಕರಾವಳಿ ಪಟ್ಟಿಯ ಮನೆಗಳನ್ನು ಮೇಲಕ್ಕೆ ಸಾಗಿಸಬೇಕು. ಮೇಲಿರುವುದು ಆ ಕಲ್ಲು ಕಂಬಗಳು. ಅವನ್ನು ಒಡೆದು ಸಮ ಮಾಡಿ ಊರು ಕಟ್ಟುವ ಯೋಜನೆ ಹಾಕಿಕೊಂಡಿದ್ದಾರೆ, ಅದಕ್ಕೆ ದುಡ್ಡು ಬೇಡವೇ? ಜೊತೆಗೆ ನೆಲವೆಲ್ಲ ಮನೆತನಗಳದ್ದು, ತಲೆಮಾರಿನಿಂದ ತಲೆಮಾರಿಗೆ ಹಂಚಿ ಒಂದೊಂದು ತುಂಡಿಗೆ ಹತ್ತಾರು ಒಡೆಯರು. ಎಲ್ಲರನ್ನೂ ಒಪ್ಪಿಸಬೇಕು.

ಲೆಕ್ಕಪತ್ರ:
ಆ ಯೋಜನೆಗೆಂದೇ ಪೌರತ್ವ ಮಾರಾಟ ಶುರುವಾಗಿದೆ. 2025ರಲ್ಲಿ ಶುರುವಾದಾಗ ಒಬ್ಬರಿಗೆ ಕನಿಷ್ಠ 1,05,000 ಅಮೆರಿಕ ಡಾಲರ್ ಇತ್ತು.

ಘಟ್ಟದ ಹುಡುಗ:
ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟ್ ಬೆಲೆಗೆ ಒಂದು ದೇಶ! ಸಾಲ ಸಿಗುವುದಾದರೆ ನಾನು ಸಿದ್ಧ.

ವಿಧಾನವೀಧಿ:
ಭಾರತದ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ ತಮ್ಮ. ನೌರುವಿನ ಪ್ರಜೆಯಾದ ದಿನವೇ ಭಾರತದ ಪೌರತ್ವ ಹೋಗುತ್ತದೆ, ನಿಮ್ಮ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಊರಿನ ಜಾತ್ರೆಗೆ ಬರಲೂ ವೀಸಾ ಅರ್ಜಿ ಹಾಕಬೇಕಾಗುತ್ತದೆ.